ಸಹಿ ಹಾಕಿದ ಮತಗಳು

ಮತ ಎಣಿಸುವ ಕೋಣೆಯಲ್ಲಿ ಕೈ ಕಟ್ಟಿ ಕೂರಬೇಕು ಎಂದು ನನಗೆ ಮೊದಲೇ ಹೇಳಿದ್ದರು. ಬಾಯಿಯನ್ನೂ ಕಟ್ಟಿ ಕೂರಬೇಕು ಎಂದು ಯಾರೂ ಹೇಳಿರಲಿಲ್ಲ. ಕೊನೆಗೆ ಅದನ್ನು ಹೇಳಿದವರು ಚುನಾವಣಾಧಿಕಾರಿ. ನಾನು ಅವರದೇ ಮೂಗುಧ್ವನಿಯಲ್ಲಿ "ಎರಡನೇ ಟೇಬಲ್, ಕಟ್ಟು ಬಿಚ್ಚಿ" ಎಂದು ಮೆಲ್ಲಗೆ ಅಂದದ್ದಕ್ಕೆ ಎರಡನೇ ಮೇಜಿನ ಗುಮಾಸ್ತರು ನಿಜವಾಗಿಯೂ ಕಟ್ಟು ಬಿಚ್ಚಿಬಿಟ್ಟರು.

"ಯಾರ್ರೀ ಅದು?" ಎಂದು ಅಧಿಕಾರಿ ಕನ್ನಡಕ ಏರಿಸಿದರು.

ಎಣಿಕೆಯ ಮೇಜುಗಳಿಗೆ ಅಡ್ಡ ಕಟ್ಟಿದ್ದ ಕೋಳಿ ಬಲೆಯ ಈಚೆ ಕೂತಿದ್ದ ಏಜೆಂಟರೆಲ್ಲ ನನ್ನ ಕಡೆ ಬೆರಳು ತೋರಿಸಿದರು. ಚುನಾವಣೆಯಲ್ಲಿ ಅಷ್ಟು ಅಭ್ಯರ್ಥಿಗಳ ಕಡೆಯವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

"ಇನ್ನೊಂದ್ ಸಲ ನನ್ ಥರ ಮಾತಾಡಿದ್ರೆ ಹೊರಗ್ ಹಾಕ್ತೀನಿ."

"ಆಯ್ತು ಸಾರ್" ಎಂದೆ. ಅದೂ ಅವರ ಧ್ವನಿಯಲ್ಲೇ ಬಂತು. ಬೇಕೆಂದು ಮಾಡಿದ್ದಲ್ಲ. ನನ್ನ ಗಂಟಲು ಬಾಡಿಗೆ ಮನೆಯಿದ್ದ ಹಾಗೆ, ಯಾರು ಬಂದರೂ ಇರಿಸಿಕೊಳ್ಳುತ್ತದೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ರಾಮಮೂರ್ತಿ ನಗರದಲ್ಲಿ ನಮ್ಮದು ಬಾಡಿಗೆ ಮನೆ, ಅಕ್ಕನದು ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ. ನಗರಸಭೆಗೆ ಚುನಾವಣೆ ಬಂದು ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾದಾಗ, ವರ್ಷಗಳಿಂದ ನಿಲ್ಲಬೇಕೆಂದು ಮೀಸೆ ತಿರುವುತ್ತಿದ್ದ ನೀರಿನ ಟ್ಯಾಂಕರ್ ಮಾಲೀಕ ಒಂದು ವಾರ ಮಂಕಾಗಿದ್ದು, ಆಮೇಲೆ ತನ್ನ ಹೆಂಡತಿಯನ್ನು ನಿಲ್ಲಿಸಿದ. ಪೋಸ್ಟರಿನಲ್ಲಿ ಅವಳದು ಅಂಚೆಚೀಟಿಯಷ್ಟು ಮುಖ, ಅವನದು ಹೋರ್ಡಿಂಗಿನಷ್ಟು. ಎದುರಿಗೆ ನಮ್ಮ ಅಕ್ಕ ಪಕ್ಷೇತರಳಾಗಿ ನಿಂತಳು. ಚಿಹ್ನೆ ಹೊಲಿಗೆ ಯಂತ್ರ.

ಅಕ್ಕ ನಿಂತದ್ದಲ್ಲ, ಅವಳನ್ನು ನಿಲ್ಲಿಸಿದ್ದು ಎಂದರೆ ಸರಿ. ನಿಲ್ಲಿಸಿದವರು ನಮ್ಮ ಹಿಂದಿನ ಬೀದಿಯ ಹೆಂಗಸರು. ರಾಯಚೂರು, ಕಲಬುರಗಿ ಕಡೆಯಿಂದ ಬಂದು, ಶೀಟಿನ ಸಾಲು ಕೋಣೆಗಳಲ್ಲಿ ಬಾಡಿಗೆಗಿದ್ದು, ಕಟ್ಟಡದ ಕೆಲಸಕ್ಕೂ ಇಂದಿರಾನಗರದ ಮನೆಗಳ ಕಸಮುಸುರೆಗೂ ಹೋಗುತ್ತಿದ್ದವರು. ಸಂಜೆ ಕೆಲಸ ಮುಗಿಸಿ ಬಂದು ಅಕ್ಕನ ಅಂಗಡಿಯಲ್ಲಿ, ಬಟ್ಟೆ ಚೂರುಗಳ ನಡುವೆ ಕೂತು ಅಕ್ಷರ ಕಲಿಯುತ್ತಿದ್ದರು. ಅಕ್ಕ ಮೇಷ್ಟ್ರು ಅಲ್ಲ. ಯಾರೋ ಒಬ್ಬಳು ರವಿಕೆ ಬಟ್ಟೆ ಕೊಡಲು ಬಂದವಳು, ಮಗಳ ಶಾಲೆಯ ಚೀಟಿ ಓದಿ ಹೇಳ್ರಿ ಎಂದಳು. ಮರುದಿನ ಇನ್ನಿಬ್ಬರು ಬಂದರು. ಹಾಗೇ ಬೆಳೆಯಿತು.

ಅಕ್ಕನ ಪಾಠದಲ್ಲಿ 'ಅ ಆ ಇ ಈ' ಮೊದಲಿಗೆ ಬರುತ್ತಿರಲಿಲ್ಲ. ಮೊದಲಿಗೆ ಅವರವರ ಹೆಸರು. "ವರ್ಣಮಾಲೆ ಎಲ್ಲಿಗೂ ಓಡಿ ಹೋಗಲ್ಲ. ಮೊದಲು ಸಹಿ ಕಲೀರಿ. ಸಹಿ ಇಲ್ಲದ ಕಾಗದ ಬರೀ ಕಾಗದ. ಕಾಗದ ಎರಡು ಭಾಗ ಇದ್ರೆ ಎರಡು ಕಡೆನೂ ಹಾಕಿ, ಒಂದು ಅವರ ಹತ್ರ ಇರ್ಲಿ, ಒಂದು ನಿಮ್ಮ ಹತ್ರ" ಎನ್ನುತ್ತಿದ್ದಳು. ಬಾಡಿಗೆ ಕರಾರು, ಮೇಸ್ತ್ರಿಯ ಚೀಟಿ, ರೇಷನ್ ಕಚೇರಿ, ಎಲ್ಲೆಡೆ ಹೆಬ್ಬೆಟ್ಟು ಒತ್ತಿ ಮೋಸ ಹೋದವರಿಗೆ ಆ ಮಾತು ಎದೆಗೆ ತಾಗುತ್ತಿತ್ತು. ನಾನಂತೂ ಅದನ್ನು ಅಕ್ಕನ ಧ್ವನಿಯಲ್ಲಿ, ಸೂಜಿ ತುಟಿಯಲ್ಲಿ ಕಚ್ಚಿಕೊಂಡು ಹೇಳುವ ಅವಳ ತೊದಲಿನ ಸಮೇತ ಮಾಡಿ ತೋರಿಸಿ ಹೆಂಗಸರನ್ನು ನಗಿಸುತ್ತಿದ್ದೆ.

ಹೆಸರು ತಪ್ಪಿಲ್ಲದೆ ಬರೆದವರಿಗೆಲ್ಲ ಅಕ್ಕ ಒಂದೊಂದು ನೀಲಿ ಬಾಲ್‌ಪೆನ್ ಕೊಟ್ಟಿದ್ದಳು. ಅವರು ಅದನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು, ಸಿಮೆಂಟು ಕಲೆಸುವಾಗಲೂ.

ಪೆನ್ನು ಸಿಗದವಳು ಒಬ್ಬಳೇ. ಎಲ್ಲರಿಗಿಂತ ಹಿರಿಯ ಮುದುಕಿ. ಅವಳ ಬೆರಳುಗಳು ಸುಣ್ಣದಲ್ಲಿ ಬೆಂದು ಸೆಟೆದುಕೊಂಡಿದ್ದವು. ಸ್ಲೇಟಿನ ಮೇಲೆ ಮೊದಲ ಅಕ್ಷರ ದಾಟುವ ಹೊತ್ತಿಗೆ ಬಳಪ ಮುರಿಯುತ್ತಿತ್ತು.

"ಯಮ್ಮಾ, ನಿನ್ನ ಹೆಸರು ಮುಗಿಯೋದ್ರಾಗ ನಾವು ಊರಿಗೆ ಹೋಗಿ ಬರ್ತೀವಿ ನೋಡು" ಎಂದು ಉಳಿದವರು ರೇಗಿಸುತ್ತಿದ್ದರು.

"ಹೋಗಿ ಬರ್‍ರೆವ್ವಾ. ಬರಾಗ ಒಂದು ಛಲೋ ಹೆಸರು ತರ್‍ರಿ, ಸಣ್ಣದು" ಎನ್ನುತ್ತಿದ್ದಳು ಮುದುಕಿ.

ಈ ಇಪ್ಪತ್ತು ಮಂದಿಯೇ ಒಂದು ಸಂಜೆ ಅಕ್ಕನನ್ನು ಸುತ್ತುವರಿದು, ನಮ್ಮ ಬೀದಿಗೆ ನಲ್ಲಿ ತರೋದಾದರೆ ನೀವೇ ತರಬೇಕ್ರಿ ಎಂದು ಪಟ್ಟು ಹಿಡಿದರು. ಟ್ಯಾಂಕರ್ ಮಾಲೀಕ ಗೆದ್ದರೆ ನಲ್ಲಿ ಯಾಕೆ ಬರುತ್ತದೆ? ಅಕ್ಕನಿಗೆ ನಗು ಬಂದಿತ್ತು, ಭಯವೂ ಬಂದಿತ್ತು. ಆದರೆ ಅವಳ ಆಸೆ ನನಗೆ ಗೊತ್ತಿತ್ತು. ನಲ್ಲಿ ನೆಪ. ತನ್ನ ಕೈಹಿಡಿದು ಬರೆದವರು ತನ್ನನ್ನು ಆರಿಸಿದರು ಎನ್ನುವುದು ಅವಳಿಗೆ ಬೇಕಿತ್ತು. ಮದುವೆಯ ಮಾತು ಮೂರು ಕಡೆ ಮುರಿದು, ಎಲ್ಲರ ರವಿಕೆ ಹೊಲಿದು, ಯಾರ ಕಣ್ಣಿಗೂ ಬೀಳದೆ ಮೂವತ್ತು ದಾಟಿದ್ದಳು.

ಹಲಸೂರಿನ ತಮಿಳು ಆಟೋ ಅಣ್ಣನೊಬ್ಬ ಅಕ್ಕನ ಹತ್ತಿರ ಖಾಕಿ ಅಂಗಿ ಹೊಲಿಸುತ್ತಿದ್ದ. ಅವನು ತನ್ನ ಆಟೋಗೆ ಮೈಕು ಕಟ್ಟಿಸಿದ. ಮೈಕಿನ ಹಿಂದೆ ನಾನು. ಕನ್ನಡದಲ್ಲಿ, ತಮಿಳಿನಲ್ಲಿ, ಶಿವಾಜಿನಗರದ ಉರ್ದುವಿನಲ್ಲಿ ಒಬ್ಬನೇ ನಾಲ್ಕು ಜನರ ಹಾಗೆ ಕೂಗುತ್ತ, ನಮ್ಮ ಹಿಂದೆ ದೊಡ್ಡ ತಂಡವೇ ಇದೆ ಎಂಬ ಭ್ರಮೆ ಹುಟ್ಟಿಸಿದೆ. ಟ್ಯಾಂಕರ್ ಮಾಲೀಕನ ಧ್ವನಿಯಲ್ಲಿ "ಹೆಂಡ್ತೀನ್ ಗೆಲ್ಸಿ, ನಾನು ಸಹಿ ಹಾಕ್ತೀನಿ" ಎಂದದ್ದಕ್ಕೆ ಬಾಣಸವಾಡಿ ಕಡೆಯಿಂದ ಬಂದ ಅವನ ಹುಡುಗರು ನನ್ನ ಕಾಲರ್ ಹಿಡಿದರು. ಹಿಡಿದವನ ಧ್ವನಿಯಲ್ಲೇ ಮಾತಾಡಿ, ಅವರನ್ನು ನಗಿಸಿ ಬಿಡಿಸಿಕೊಂಡು ಬಂದೆ. ಆ ದಿನಗಳಲ್ಲಿ ನನಗೆ ಯಾವುದೂ ಅಷ್ಟು ಗಂಭೀರವಾಗಿ ಕಾಣುತ್ತಿರಲಿಲ್ಲ.

ಎಣಿಕೆ ನಡೆದದ್ದು ಒಂದು ಶಾಲೆಯ ಹಾಲಿನಲ್ಲಿ, ಬೆಳಗಿನಿಂದ. ಮೊದಲು ಪೆಟ್ಟಿಗೆಗಳ ಮತಪತ್ರವನ್ನೆಲ್ಲ ಒಂದು ಡ್ರಮ್ಮಿಗೆ ಸುರಿದು ಕಲೆಸಿದರು. ಯಾವ ಬೀದಿಯವರು ಯಾರಿಗೆ ಹಾಕಿದರು ಎಂದು ಗೆದ್ದವನಿಗೂ ಸೋತವನಿಗೂ ತಿಳಿಯಬಾರದು, ತಿಳಿದರೆ ಆ ಬೀದಿಗೆ ನೀರು ನಿಲ್ಲುತ್ತದೆ. ಆಮೇಲೆ ಅವನ್ನು ಸಮನಾದ ಕಟ್ಟು ಮಾಡಿ, ರಬ್ಬರ್ ಹಾಕಿ ಮೇಜುಗಳಿಗೆ ಹಂಚಿದರು. ಗುಮಾಸ್ತರು ಒಂದೊಂದಾಗಿ ಬಿಡಿಸಿ, ಬಲೆಯ ಈಚೆಗಿರುವ ನಮಗೆ ತೋರಿಸಿ, ಅಭ್ಯರ್ಥಿಗೊಂದರಂತಿದ್ದ ಮರದ ಗೂಡುಗಳಲ್ಲಿ ಹಾಕುತ್ತಿದ್ದರು. ನಾವು ನೋಡಬಹುದು, ಮುಟ್ಟುವಂತಿಲ್ಲ. ಅನುಮಾನ ಬಂದದ್ದು ಮಾತ್ರ ಬೇರೆ ತಟ್ಟೆಗೆ ಬಿದ್ದು ಚುನಾವಣಾಧಿಕಾರಿಯ ಮೇಜಿಗೆ ಹೋಗುತ್ತಿತ್ತು.

ಆ ಅಧಿಕಾರಿ ಒಳ್ಳೆಯ ಮನುಷ್ಯ. ಒಂದು ಚೀಟಿಯಲ್ಲಿ ಎರಡು ಮುದ್ರೆ ಇತ್ತು. ಅದನ್ನು ರದ್ದು ಮಾಡದೆ ಕಿಟಕಿಯ ಬೆಳಕಿಗೆ ಹಿಡಿದು ನಮ್ಮನ್ನೆಲ್ಲ ಕರೆದರು. "ಮುದ್ರೆಯ ಕೈಗಳು ಗಿರಗಿಟ್ಲೆ ಥರ ಒಂದೇ ಕಡೆ ತಿರುಗಿರುತ್ವೆ, ನೋಡಿ. ಇದು ಸರಿಯಾಗಿದೆ. ಇನ್ನೊಂದು ಉಲ್ಟಾ ಇದೆ. ಅಂದ್ರೆ ಮಸಿ ಒಣಗೋ ಮುಂಚೆ ಮಡಚಿದ್ದಾರೆ, ಅಂಟಿಕೊಂಡಿದೆ. ಒತ್ತಿದ್ದು ಒಂದೇ ಸಲ. ಈ ಮತ ಬದುಕಿತು." ಅದು ಬದುಕಿದ್ದು ಟ್ಯಾಂಕರಿನ ಹೆಂಡತಿಗಾದರೂ ನನಗೆ ಕೇಳಲು ಹಿತವಾಗಿತ್ತು. ಆ ಧ್ವನಿಯನ್ನು ಆಗಲೇ ಗಂಟಲಲ್ಲಿ ಎತ್ತಿಟ್ಟುಕೊಂಡೆ.

ನಮಗೆ ಇದ್ದದ್ದು ಇಬ್ಬರೇ ಏಜೆಂಟರು. ನಾನು ಎಣಿಕೆಯ ಮೇಜಿನಿಂದ ಮೇಜಿಗೆ ಜಿಗಿಯುತ್ತಿದ್ದೆ. ಅಧಿಕಾರಿಯ ಮೇಜಿನ ಎದುರು ಆಟೋ ಅಣ್ಣ ಕೂತಿದ್ದ. ಅವನಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಟ್ಟುಗಳು ಮುಗಿದವು. ಕರಿಹಲಗೆಯ ಮೇಲೆ ಬರೆದಾಗ ಅಕ್ಕ ಹದಿನಾಲ್ಕು ಮತ ಹಿಂದಿದ್ದಳು.

ಅಕ್ಕ ಗೋಡೆಗೊರಗಿ ನಿಂತಿದ್ದಳು. ನಾನು ಆಟೋ ಅಣ್ಣನನ್ನು ಕೇಳಿದೆ, "ಅಣ್ಣ, ರದ್ದಾಗಿದ್ದು ಜಾಸ್ತಿ ಇದೆಯಲ್ಲ, ಏನಿತ್ತು ಅದ್ರಲ್ಲಿ?"

"ಏನೇನೋ ಇತ್ತು ತಂಬಿ. ಖಾಲಿ ಇತ್ತು, ಡಬಲ್ ಇತ್ತು. ಅಪ್ಪುರಂ, ಆಮೇಲೆ, ಕೆಲವದ್ರಲ್ಲಿ ಯಾರೋ ಗೀಚಿದಾರೆ. ಕೆಟ್ಟ ಮಾತು ಅಂತ ನಾನ್ ಸುಮ್ನೆ ಇದ್ದೆ. ಲೇಡೀಸ್ ಕ್ಯಾಂಡಿಡೇಟು ಅಲ್ವಾ, ಅದಕ್ಕೆ."

ಅಕ್ಕ ಅದನ್ನು ಕೇಳಿಸಿಕೊಂಡಳು. ಫಲಿತಾಂಶ ಘೋಷಿಸುವ ಮೊದಲು ಮರುಎಣಿಕೆ ಕೇಳಬಹುದು, ಬರೆದು ಕೇಳಬೇಕು, ಕಾರಣ ಕೊಡಬೇಕು. ಅವಳು ಅಲ್ಲೇ ಬೆಂಚಿನ ಮೇಲೆ ಬರೆದಳು: ಅಂತರ ಕಡಿಮೆ, ತಿರಸ್ಕರಿಸಿದ ಮತಪತ್ರ ನಾನು ನೋಡಿಲ್ಲ. ಕೆಳಗೆ ಸಹಿ ಹಾಕಿದಳು.

"ಯಾಕ್ ಸಾರ್ ಟೈಮ್ ವೇಸ್ಟು? ಹಾರ ಬಾಡ್ತಾ ಇದೆ" ಎಂದ ಟ್ಯಾಂಕರ್ ಮಾಲೀಕ.

"ಹಾರಕ್ಕೆ ನಿಮ್ಮ ಟ್ಯಾಂಕರಿಂದ ಸ್ವಲ್ಪ ನೀರು ಚಿಮುಕಿಸಿ" ಎಂದರು ಅಧಿಕಾರಿ, ಅರ್ಜಿ ಓದುತ್ತಲೇ. "ಒಂದು ಸಲ ಎಣಿಸೋಣ."

ಮತ್ತೆ ಎಲ್ಲ ಕಟ್ಟು ಬಿಚ್ಚಿತು. ಎರಡನೇ ಸಲ ಎಣಿಸುವಾಗ ಗುಮಾಸ್ತರ ಬೆರಳುಗಳು ಮೊದಲಿಗಿಂತ ನಿಧಾನವಾಗುತ್ತವೆ, ತಪ್ಪು ಸಿಕ್ಕರೆ ಅದು ತಮ್ಮದೇ ಎಂಬ ಹೆದರಿಕೆ. ಒಂದು ತಪ್ಪು ಸಿಕ್ಕಿತು. ಟ್ಯಾಂಕರಿನ ಕಟ್ಟಿನ ನಡುವೆ ನಮ್ಮದೊಂದು ಹೊಲಿಗೆ ಯಂತ್ರ ಕೂತಿತ್ತು. ಅಲ್ಲಿಗೆ ನಮಗೆ ಒಂದು ಸೇರಿ, ಅವರಿಗೆ ಒಂದು ಕಳೆದು ಅಂತರ ಹನ್ನೆರಡಾಯಿತು. ಆಟೋ ಅಣ್ಣ ನನ್ನ ತೊಡೆ ಹಿಂಡಿದ. ಕೊನೆಗೆ ಅಧಿಕಾರಿ ತಿರಸ್ಕೃತ ಕಟ್ಟನ್ನು ಎದುರಿಗೆ ಇಟ್ಟುಕೊಂಡು ಅಕ್ಕನನ್ನು ಹತ್ತಿರ ಕರೆದರು.

ಖಾಲಿ ಇದ್ದವು ಹೋದವು. ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಒತ್ತಿದವು ಹೋದವು. ಆಮೇಲೆ ಒಂದು ಬಂತು. ಮುದ್ರೆ ನೇರವಾಗಿ ಹೊಲಿಗೆ ಯಂತ್ರದ ಮೇಲೆ ಬಿದ್ದಿತ್ತು, ಅಚ್ಚುಕಟ್ಟಾಗಿ. ಅದರ ಪಕ್ಕ ನೀಲಿ ಮಸಿಯಲ್ಲಿ ಏನೋ ಬರಹ. ಅಧಿಕಾರಿ ಬರಹದ ಮೇಲೆ ಅಂಗೈ ಮುಚ್ಚಿದರು.

"ಹೆಸರು ನಿಮಗೆ ತೋರಿಸೋ ಹಾಗಿಲ್ಲ ಅಮ್ಮ. ಗುಪ್ತ ಮತ. ಸಹಿ ಹಾಕಿದ್ದಾರೆ ಅಂತ ಮಾತ್ರ ಹೇಳ್ತೀನಿ."

ಅದಾದ ಮೇಲೆ ಇನ್ನೊಂದು. ಮತ್ತೊಂದು. ಅವರ ಅಂಗೈ ದೊಡ್ಡದೇ, ಆದರೆ ಹೊಸದಾಗಿ ಕಲಿತವರ ಅಕ್ಷರ ಅದಕ್ಕಿಂತ ದೊಡ್ಡದು. ಬೆರಳುಗಳ ಸಂದಿಯಿಂದ ಕೊನೆಯ ಅಕ್ಷರದ ಬಾಲ ಹೊರಗೆ ಬರುತ್ತಿತ್ತು. ಅಕ್ಕ ಆ ಬಾಲಗಳನ್ನೇ ನೋಡುತ್ತಿದ್ದಳು. ಪ್ರತಿಯೊಂದನ್ನೂ ಅವಳು ಕೈಹಿಡಿದು ಎಳೆಸಿದ್ದಳು. ಒಂದು ಬಂದಾಗ ಅವಳ ತುಟಿ ಅಲುಗಿತು. "ಕೊನೇ ಅಕ್ಷರದ ಇಳಿ ಇನ್ನೂ ಜಾಸ್ತಿ ಎಳೀತಾಳೆ" ಎಂದಳು, ಯಾರಿಗೂ ಅಲ್ಲ.

ಹತ್ತೊಂಬತ್ತು ಬಂದವು.

"ಸಾರ್, ಮುದ್ರೆ ಸರಿಯಾಗೇ ಇದೆಯಲ್ಲ. ಅವರ ಮನಸ್ಸು ಸ್ಪಷ್ಟವಾಗಿದೆ."

"ಮನಸ್ಸು ಸ್ಪಷ್ಟ ಅಮ್ಮ. ಯಾರ ಮನಸ್ಸು ಅನ್ನೋದೂ ಸ್ಪಷ್ಟ, ಅದೇ ತೊಂದರೆ. ಮತದಾರ ಯಾರು ಅಂತ ತಿಳಿಯೋ ಗುರುತು ಇದ್ರೆ ರದ್ದು. ಇವತ್ತು ನಾನು ಇದನ್ನ ಒಪ್ಪಿದ್ರೆ, ನಾಳೆ ಇಂಥೋರು" ಎಂದು ಟ್ಯಾಂಕರ್ ಮಾಲೀಕನ ಕಡೆ ನೋಡದೆ ನೋಡಿದರು, "ಸಹಿ ಹಾಕಿ ತೋರಿಸು ಅಂತ ಬಡವರ ಕುತ್ತಿಗೆ ಮೇಲೆ ಕೂರ್ತಾರೆ."

ಅವರು ಹೇಳಿದ್ದು ಸರಿ. ಅದೇ ದೊಡ್ಡ ಸಂಕಟ. ಬೈಯಲು ಒಬ್ಬರಾದರೂ ಇದ್ದಿದ್ದರೆ ನಾನು ಅವರ ಧ್ವನಿ ಮಾಡಿ ಒಂದು ವರ್ಷ ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ.

ಹಿಂದಿನಿಂದ ಎದುರು ಕಡೆಯ ಏಜೆಂಟ್ ಒಬ್ಬ, "ಅಕ್ಕ ಬೂತಲ್ಲೂ ಹಾಜರಿ ತಗೊಂಡ್ಬಿಟ್ಟಿದ್ದಾರೆ ಮಗಾ" ಎಂದ. ಒಳ್ಳೆಯ ಹಾಸ್ಯ. ಬೇರೆ ದಿನವಾಗಿದ್ದರೆ ನಾನೇ ಹೇಳುತ್ತಿದ್ದ ಮಾತು.

ಘೋಷಣೆಯಾಯಿತು. ಪ್ರಮಾಣಪತ್ರ ಪಡೆದದ್ದಕ್ಕೆ ಸಹಿ ಹಾಕಲು ಟ್ಯಾಂಕರ್ ಮಾಲೀಕ ಕೈ ಚಾಚಿದ. "ನೀವಲ್ಲ, ಗೆದ್ದವರು" ಎಂದರು ಅಧಿಕಾರಿ. ಅವನ ಹೆಂಡತಿ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು. ಅಕ್ಕ ತನ್ನ ಪೆನ್ನನ್ನೇ ಅವಳಿಗೆ ಕೊಟ್ಟಳು.

ಅದೇ ಆಟೋದಲ್ಲಿ ವಾಪಸು ಹೊರಟೆವು. ಆಟೋ ಅಣ್ಣ ಕಣ್ಣೊರೆಸಿಕೊಳ್ಳುತ್ತ, "ನನಗೆ ಓದಕ್ಕೆ ಬಂದಿದ್ರೆ" ಎಂದ. "ಬಂದಿದ್ರೂ ಅಷ್ಟೇ ಅಣ್ಣ" ಎಂದಳು ಅಕ್ಕ. ಕೆ.ಆರ್. ಪುರದ ಸಂತೆ ದಾಟಿದ ಮೇಲೆ ನನ್ನ ಕಡೆ ತಿರುಗಿ, ಒಂದು ಥರ ಹೆಮ್ಮೆಯಿಂದ, "ಎಲ್ಲರೂ ಬಂದು ಹಾಕಿದ್ದಾರೆ ಕಣೋ. ಒಬ್ಬಳೂ ತಪ್ಪಿಸಿಲ್ಲ" ಎಂದಳು.

ಅಂಗಡಿಯಲ್ಲಿ ಆ ಹೆಂಗಸರೆಲ್ಲ ಕಾದು ಕೂತಿದ್ದರು. ಸೋತ ಸುದ್ದಿ ಪಟಾಕಿಯ ಸದ್ದಿನಲ್ಲಿ ನಮಗಿಂತ ಮೊದಲೇ ಬಂದಿತ್ತು. ಅವರಲ್ಲಿ ಚುರುಕಾದವಳು, ಎಲ್ಲರಿಗಿಂತ ಮೊದಲು ಪೆನ್ನು ಗಳಿಸಿದವಳು, ಅಕ್ಕನ ಕೈ ಹಿಡಿದುಕೊಂಡಳು.

"ಅಕ್ಕೋರೆ, ನಾವು ಕೈಬಿಟ್ಟಿಲ್ಲರೀ. ದೇವರಾಣಿ ಹಾಕೀವಿ. ಗುರ್ತು ಖೂನ ಇರ್ಲಿ ಅಂತ ಸಹಿನೂ ಮಾಡೀವ್ರಿ! ಬೂತಿನಾಗಿನ ಆಫೀಸರ್ ತನ್ನ ಬುಕ್ಕಿನಾಗ ಉಳಿಯೋ ಅರ್ಧಕ್ಕ ಸಹಿ ಮಾಡಿಸಿಕೊಂಡ. ಇನ್ನ ಅರ್ಧ ಪೆಟ್ಟಿಗೀಗೆ ಹೋಗೋದು ಹಂಗs ಖಾಲಿ ಹೋಗಬಾರದಲ್ರಿ? ನೀವs ಹೇಳಿದ್ರಲ್ಲ, ಎರಡೂ ಕಡೆ ಹಾಕ್ರಿ ಅಂತ. ಮುದ್ರಿ ಒತ್ತೋ ಮರಿಯಾಗ ನಿಂತು ಪೆನ್ನು ತೆಗೆದು ಹಾಕಿದ್ವಿ."

"ಚೆನ್ನಾಗಿ ಬರೆದಿದ್ದೀರ" ಎಂದಳು ಅಕ್ಕ.

ಅಷ್ಟಕ್ಕೇ ಮುಗಿಯಬಹುದಿತ್ತು. ಅಕ್ಕ ಅಷ್ಟಕ್ಕೇ ಮುಗಿಸಬೇಕೆಂದಿದ್ದಳು, ನನಗೆ ಅವಳ ಮುಖದಲ್ಲೇ ಕಂಡಿತು. ಆದರೆ ಎಷ್ಟು ಮತ ಕಡಿಮೆ ಬಿತ್ತು ಎಂದು ಅವರು ಕೇಳಿದರು, ಆಟೋ ಅಣ್ಣ ಹನ್ನೆರಡು ಎಂದುಬಿಟ್ಟ. ಹನ್ನೆರಡೇ? ಹಾಗಾದರೆ ಯಾರೋ ನಮ್ಮವರೇ ಕೈಕೊಟ್ಟಿದ್ದಾರೆ. ಎಲ್ಲರೂ ತಾವು ಹಾಕಿದ ಸಹಿಯ ಆಣೆ ಮಾಡುತ್ತ ಹೋದರು, ಕೊನೆಗೆ ಕಣ್ಣುಗಳು ಮೂಲೆಯಲ್ಲಿದ್ದ ಮುದುಕಿಯ ಮೇಲೆ ನಿಂತವು.

"ಈಕಿ ಸಹಿ ಮಾಡಿಲ್ಲ ನೋಡ್ರಿ. ಈಕಿ ಯಾರಿಗೆ ಹಾಕ್ಯಾಳಂತ ಏನ್ ಗುರ್ತು?"

"ಟ್ಯಾಂಕರಿನವ್ರ ಮನ್ಯಾಗ ಈಕಿ ಸೊಸಿ ಮುಸುರಿ ತಿಕ್ಕತಾಳ."

"ಈಕಿ ಬೀಗರನ್ನೂ ಕರಕೊಂಡು ಹೋಗಿ ಅಲ್ಲೇ ಹಾಕ್ಸ್ಯಾಳ. ಹನ್ನೆರಡು ಲೆಕ್ಕ ಬಂತಲ್ಲ!"

ಮುದುಕಿ ಮೂಲೆಯಿಂದ ಎದ್ದು ನಿಂತಳು. "ಯಂತ್ರಕ್ಕs ಒತ್ತೀನಿ ನಮ್ಮವ್ವಾ" ಎಂದಳು. ಯಾರೋ ನಕ್ಕರು. ಅವಳು ತನ್ನ ಸೆಟೆದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಳು. ಒಂದು ಕ್ಷಣ ಪೆಡಲಿನ ಮೇಲೆ ಕಾಲಿಟ್ಟಳು, ತುಳಿಯಲಿಲ್ಲ. ಆಮೇಲೆ ಎಲ್ಲ ಹೇಳಿದಳು. ಮತಪತ್ರದಲ್ಲಿ ಹೆಸರು ಬರೆದರೆ ಅದು ಲೆಕ್ಕಕ್ಕೆ ಬರುವುದಿಲ್ಲ ಎಂದು. ಹತ್ತೊಂಬತ್ತು ರದ್ದಾದವು ಎಂದು. ಈ ಕೋಣೆಯಿಂದ ಪೆಟ್ಟಿಗೆಗೆ ಹೋಗಿ ಎಣಿಕೆಗೆ ಸಿಕ್ಕಿದ್ದು ಆ ಮುದುಕಿಯ ಒಂದು ಮತ ಮಾತ್ರ ಎಂದು. "ತಪ್ಪು ನಿಮ್ಮದಲ್ಲ. ಎಲ್ಲಾ ಕಾಗದಕ್ಕೂ ಸಹಿ ಹಾಕಿ ಅಂತ ಹೇಳಿದ್ದು ನಾನು. ಒಂದು ಕಾಗದಕ್ಕೆ ಹಾಕಬಾರದು ಅಂತ ಹೇಳೋದು ನನಗೆ ಹೊಳೀಲೇ ಇಲ್ಲ."

ಹೊರಗೆ ಪಟಾಕಿ ಸಿಡಿಯುತ್ತಿತ್ತು. ಚುರುಕಾದವಳು ನಿಧಾನವಾಗಿ ಕೇಳಿದಳು:

"ಹಂಗಂದ್ರ ಅಕ್ಕೋರೆ, ನಾವು ಬರೆಯೋದು ಕಲೀಲಿಲ್ಲಂದ್ರ ನೀವು ಗೆಲ್ತಿದ್ರೇನ್ರೀ?"

ಅಕ್ಕ ಹೌದು ಎನ್ನಲಾರಳು. ಇಲ್ಲ ಎನ್ನೋಣವೆಂದರೆ ಅವರಿಗೆ ಈಗ ಲೆಕ್ಕವೂ ಬರುತ್ತಿತ್ತು, ಅದನ್ನೂ ಅವಳೇ ಕಲಿಸಿದ್ದು.

ಒಬ್ಬೊಬ್ಬರೇ ಎದ್ದು ಹೋದರು. ಜಗಳವಿಲ್ಲ, ಸಿಟ್ಟಿಲ್ಲ. ಬಾಗಿಲಲ್ಲಿ ಚಪ್ಪಲಿ ಹುಡುಕುವಾಗ ಮುದುಕಿಯ ಕಾಲು ಮುಟ್ಟಿ ಒಬ್ಬಳು ಅತ್ತಳು. ಮರುದಿನ ಸಂಜೆ ಯಾರೂ ಬರಲಿಲ್ಲ. ಅಕ್ಕ ಶೀಟಿನ ಸಾಲಿಗೆ ಹೋಗಿ ಒಬ್ಬೊಬ್ಬರ ಬಾಗಿಲಲ್ಲೂ ಕರೆದಳು. ಕೆಲಸ ಬಾಳ ಐತ್ರಿ, ಕೂಸಿಗೆ ಜ್ವರ ಐತ್ರಿ, ಮೈಯಾಗ ಆರಾಮಿಲ್ರಿ. ಅವಳು ಬರುವುದು ಕಂಡರೆ ಒಳಗೆ ಹೋಗುವುದು ಶುರುವಾದ ಮೇಲೆ ಅಕ್ಕ ಹೋಗುವುದನ್ನು ಬಿಟ್ಟಳು. ವಾರ್ಡು ಸೋತದ್ದನ್ನು ಅವಳು ಎರಡು ದಿನದಲ್ಲಿ ಮರೆತಳು ಎನ್ನಿಸುತ್ತದೆ. ಸಂಜೆ ಮಾತ್ರ ಬಾಗಿಲ ಕಡೆಗೇ ಕೂತು ಗುಂಡಿಗಳಿಗೆ ಕಾಜಾ ಹಾಕುತ್ತಿದ್ದಳು.

ಬರುತ್ತಿದ್ದವಳು ಮುದುಕಿ ಒಬ್ಬಳೇ. ಬಂದು, ಸ್ಲೇಟು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಅಕ್ಕ ಬಳಪ ಕೊಡಲು ಹೋದರೆ, "ನಂಗ ಕಲಸಬ್ಯಾಡ್ರಿ ಅಕ್ಕೋರೆ. ಸುಮ್ನ ಕುಂದರ್ತೀನಿ, ಸಾಲಿ ಐತಿ ಅನ್ನಿಸ್ಲಿ" ಎಂದಳು. ಆ ಬೇಸಿಗೆ ಕಳೆದ ಮೇಲೆ ಮಗ ಅವಳನ್ನು ಊರಿಗೆ ಕರೆದೊಯ್ದ.

ಮುಂದಿನ ಚುನಾವಣೆ ಬಂದಾಗ ಅಕ್ಕ ನಿಲ್ಲಲಿಲ್ಲ. ಕೆಲವು ವರ್ಷಗಳಲ್ಲಿ ಮತಪತ್ರವೂ ಹೋಗಿ ಯಂತ್ರ ಬಂತು. ಗುಂಡಿ ಒತ್ತಿದರೆ ಕುಂಯ್ ಅನ್ನುತ್ತದೆ, ಹೆಸರು ಬರೆಯಲು ಎಲ್ಲೂ ಜಾಗವಿಲ್ಲ. ನಾನು ಆ ಕುಂಯ್ ಸದ್ದನ್ನೂ ಕಲಿತೆ. ಮದುವೆಮನೆಗಳಲ್ಲಿ ಮಾಡಿ ತೋರಿಸಿದರೆ ಚಪ್ಪಾಳೆ ಬೀಳುತ್ತದೆ. ಅಧಿಕಾರಿಯ ಮೂಗು, ಟ್ಯಾಂಕರ್ ಮಾಲೀಕನ ಗುಟುರು, ನನ್ನದೇ ಹರಕು ಗಂಟಲು, ಎಲ್ಲ ಮಾಡುತ್ತೇನೆ. ಹೆಂಗಸರ ಆ ಸಂಜೆಯ ಮಾತು ಕಥೆಯಲ್ಲಿ ಬಂದಾಗ ಮಾತ್ರ ನನ್ನ ಸ್ವಂತ ಧ್ವನಿಯಲ್ಲಿ, ಬೇಗ ಬೇಗ ಹೇಳಿ ದಾಟುತ್ತೇನೆ.

ಎರಡು ಸಾವಿರದ ಇಸವಿಯ ಆಚೆ ಒಂದು ದಿನ ಕೆ.ಆರ್. ಪುರದಲ್ಲಿ ಸಿಲಿಂಡರಿಗೆ ಸಾಲು ನಿಂತಿದ್ದೆ. ನನ್ನ ಮುಂದೆ ಇಬ್ಬರ ಆಚೆ ಆ ಚುರುಕಾದವಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕಿಟಕಿಯ ಗುಮಾಸ್ತ ರಸೀದಿ ಮುಂದಕ್ಕೆ ತಳ್ಳಿ, ದಾರ ಕಟ್ಟಿದ ಪೆನ್ನನ್ನೂ ಮಸಿಯ ಪ್ಯಾಡನ್ನೂ ಒಟ್ಟಿಗೇ ಇಟ್ಟ.

"ಸಹಿ ಬರುತ್ತೇನಮ್ಮ?"

ಅವಳು ಒಂದು ಗಳಿಗೆ ಪೆನ್ನನ್ನು ನೋಡಿದಳು.

"ಇಲ್ರಿ" ಎಂದಳು. ಎಡಗೈ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ, ರಸೀದಿಯ ಮೇಲೆ ಒತ್ತಿದಳು. ಬೆರಳನ್ನು ಕೂದಲಿಗೆ ಒರೆಸಿಕೊಳ್ಳುತ್ತ ತಿರುಗಿದಾಗ ಅವಳ ಕಣ್ಣಿಗೆ ನಾನು ಬಿದ್ದೆ. ಮುಖ ಅರಳಿತು, ಕೂಡಲೇ ಬಾಡಿತು.

"ತಮ್ಮಾ, ಅಕ್ಕೋರು ಆರಾಮದಾರ?"

"ಆರಾಮಿದ್ದಾಳೆ."

"ಸಾಲಿ ನಡಸ್ತಾರ?"

ನನ್ನ ಗಂಟಲಿಗೆ ಯಾರ ಧ್ವನಿಯೂ ಬರಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ. ಅವಳು ಮಸಿ ಹತ್ತಿದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಇದನ್ನ ಅವರಿಗೆ ಹೇಳಬ್ಯಾಡ್ರಿ" ಎಂದು, ಖಾಲಿ ಸಿಲಿಂಡರನ್ನು ಗೋಡೌನಿನ ಕಡೆ ಉರುಳಿಸಿಕೊಂಡು ಹೋದಳು.